ಗೋವಾ ಟ್ರಿಪ್: ಮಕ್ಕಳನ್ನ ಕಟ್ಕೊಂಡು ಕ್ಯಾಸಿನೋ ಹಡಗು ಹತ್ತಬಹುದಾ?

ಹೇಮಾವತಿ_ದಡ, ಹಾಸನ

ಎಲ್ಲರಿಗೂ ನಮಸ್ಕಾರ. ದಸರಾ ರಜೆಗೆ ಗೋವಾಕ್ಕೆ ಹೋಗೋ ಪ್ಲಾನ್ ಆಗಿದೆ. ನಾನು, ಮನೆಯವಳು, ಅಮ್ಮ, ಪಿಯುಸಿ ಓದ್ತಿರೋ ಮಗ, ನಾಲ್ಕನೇ ಕ್ಲಾಸಿನ ಮಗಳು. ಸಕಲೇಶಪುರದಿಂದ ಬಾಮೈದ, ಅವನ ಹೆಂಡತಿ, ಕೈಗೂಸು. ಕಾಫಿ ಕೊಯ್ಲು ಶುರುವಾದ್ರೆ ಬಾಮೈದ ತೋಟ ಬಿಟ್ಟು ಅಲ್ಲಾಡಲ್ಲ, ಅದಕ್ಕೇ ಅಕ್ಟೋಬರ್‌ನಲ್ಲೇ.

ತಕರಾರು ಇಷ್ಟೇ. ಪಣಜಿಯಲ್ಲಿ ಒಂದು ರಾತ್ರಿ ಕ್ಯಾಸಿನೋ ಹಡಗು ಹತ್ತಲೇಬೇಕು ಅಂತ ಬಾಮೈದನ ಹಠ. "ಊಟ, ಡ್ಯಾನ್ಸು, ಮಕ್ಕಳಿಗೆ ಬೇರೆ ರೂಮು, ಎಲ್ಲಾ ಪ್ಯಾಕೇಜಲ್ಲೇ ಬರುತ್ತೆ ಭಾವ, ಯೋಚನೆ ಯಾಕೆ" ಅಂತಾನೆ. ಅಮ್ಮನ ಕಿವಿಗೆ ಬಿದ್ದು "ಮೊಮ್ಮಕ್ಕಳನ್ನ ಜೂಜಿನ ಮನೆಗೆ ಕರ್ಕೊಂಡ್ ಹೋಗ್ತೀರಾ" ಅಂತ ಎರಡು ದಿನದಿಂದ ಮುಖ ಊದಿಸಿಕೊಂಡಿದ್ದಾರೆ. ಮಗನಿಗೆ ಮೀಸೆ ಬಂದಿದೆ, ನೋಡೋಕೆ ನನಗಿಂತ ಎತ್ತರ. ಅವನನ್ನ ಒಳಗೆ ಬಿಡ್ತಾರಾ? ಚಿಕ್ಕವರನ್ನ ಏನ್ ಮಾಡೋದು? ಹೋಗಿ ಬಂದವರು ಹೇಳಿ.

ಅರಸೀಕೆರೆ_ಜಂಕ್ಷನ್

21 ತುಂಬದೆ ಆಟದ ಹಾಲಿಗೆ ಬಿಡಲ್ಲ. ಮೀಸೆ ಅಲ್ಲ, ಗಡ್ಡ ಬಂದಿದ್ರೂ ಆಧಾರ್ ನೋಡ್ತಾರೆ. 18 ಅಂದ್ಕೊಂಡು ಹೋಗಿ ದೋಣಿ ಹತ್ತೋ ಜೆಟ್ಟಿಯಲ್ಲೇ ಜಗಳ ಆಡೋರು ಪ್ರತಿ ಸೀಸನ್ನಲ್ಲೂ ಇರ್ತಾರೆ.

ಕಟ್ಟೆ_ಮಾತು

ಅಲ್ಲ ಕಣಣ್ಣ, ಧರ್ಮರಾಯನಂಥ ಧರ್ಮರಾಯನೇ ಆಡಿ ಬೀದಿಗೆ ಬಂದ. ಇವ್ರು ಮಕ್ಳನ್ನೂ ಜೊತೇಲಿ ಕರ್ಕೊಂಡು ಹೋಯ್ತಾರಂತೆ. ಇಲ್ಲಿ ಹಾಸನಾಂಬೆ ಬಾಗ್ಲು ತೆಗೆಯೋ ಟೈಮು, ಸುಮ್ನೆ ದರ್ಶನ ಮಾಡ್ಕೊಂಡು ಮನೇಲಿರಿ.

ಕಾಫಿ_ಹೂವು, ಚಿಕ್ಕಮಗಳೂರು

ನಾವು ಹೋಗಿದ್ವಿ. ಹಡಗಿನ ಹೆಸರು ಹೇಳಲ್ಲ, ಬೇರೆ ಕಡೆ ಇನ್ನೂ ಚೆನ್ನಾಗಿರಬಹುದು ಅಥವಾ ಇನ್ನೂ ಕೆಟ್ಟದಾಗಿರಬಹುದು. ನಡೆದದ್ದು ಹೇಳ್ತೀನಿ, ನೀವೇ ಲೆಕ್ಕ ಹಾಕಿ.

ಜೆಟ್ಟಿ ಕೌಂಟರಲ್ಲಿ ಎಲ್ಲರ ಐಡಿ ನೋಡಿದ್ರು. ದೊಡ್ಡವರ ಮಣಿಕಟ್ಟಿಗೆ ಒಂದು ಬಣ್ಣದ ಪಟ್ಟಿ, ಮಕ್ಕಳಿಗೆ ಇನ್ನೊಂದು ಬಣ್ಣ. ನಮ್ಮನೆಯವರು ಚಡ್ಡಿ ಹಾಕ್ಕೊಂಡು ಬಂದಿದ್ರು, ಪ್ಯಾಂಟ್ ಹಾಕ್ಕೊಂಡು ಬನ್ನಿ ಅಂತ ವಾಪಸ್ ಕಳಿಸಿದ್ರು. ಆಮೇಲೆ ಸಣ್ಣ ದೋಣಿಯಲ್ಲಿ ಕೂರಿಸಿ ನದಿ ಮಧ್ಯೆ ನಿಂತಿರೋ ಹಡಗಿಗೆ ಬಿಟ್ರು. ಹಡಗು ಅಂದ್ರೆ ಎಲ್ಲಿಗೂ ಹೋಗಲ್ಲ, ಲಂಗರು ಹಾಕಿ ನಿಂತೇ ಇರುತ್ತೆ. ನನ್ನ ಮಗಳು "ಇದು ಯಾವಾಗಮ್ಮ ಹೊರಡುತ್ತೆ" ಅಂತ ಕೇಳಿ ಕೇಳಿ ಸುಸ್ತಾದ್ಲು.

ಮಕ್ಕಳ ರೂಮ್ ಅಂತ ಇದೆ, ಸುಳ್ಳಲ್ಲ. ಪ್ಲಾಸ್ಟಿಕ್ ಚೆಂಡು ತುಂಬಿದ ಒಂದು ತೊಟ್ಟಿ, ಒಂದೆರಡು ವಿಡಿಯೋ ಗೇಮು, ಗೋಡೆಗೆ ಕಾರ್ಟೂನ್ ಹಾಕಿದ ಟಿವಿ. ಮೈ ನಡುಗೋ ಹಾಗೆ ಎಸಿ. ನೋಡ್ಕೊಳ್ಳೋಕೆ ಇದ್ದ ಹುಡುಗಿ ಪಾಪ ಒಬ್ಬಳೇ, ಒಂದು ಮಗು ಅಳೋದು ನಿಲ್ಲಿಸಿದ್ರೆ ಇನ್ನೊಂದು ಶುರು ಮಾಡ್ತಿತ್ತು. ರಾತ್ರಿ ಹನ್ನೊಂದರ ಹೊತ್ತಿಗೆ ಚಿಕ್ಕವೆಲ್ಲ ಮ್ಯಾಟ್ ಮೇಲೇ ಉರುಳಿದ್ವು. ಅಮ್ಮಂದಿರು ಶಾಲು ಹೊದ್ದು ಗೋಡೆಗೆ ಒರಗಿ ಫೋನ್ ನೋಡ್ತಾ ಕೂತಿದ್ರು. ಬೆಳಗಾವಿಯವರು, ಪುಣೆಯವರು, ಹೈದರಾಬಾದಿನವರು, ಎಲ್ಲ ಊರಿನವರೂ ಇದ್ರು. ಅಪ್ಪ ಅನ್ನೋ ಪ್ರಾಣಿ ಒಂದೂ ಇರಲಿಲ್ಲ.

"ಅರ್ಧ ಗಂಟೆ, ಬಂದೆ" ಅಂತ ಹೋದವರು ಎಷ್ಟು ಹೊತ್ತಿಗೆ ಬಂದ್ರು ಅಂತ ಕೇಳಬೇಡಿ. ಆಟದ ಹಾಲಲ್ಲಿ ಗೋಡೆ ಗಡಿಯಾರ ಹುಡುಕಿದ್ರೂ ಕಾಣಲ್ಲ, ಕಿಟಕಿಗೆಲ್ಲ ಪರದೆ. ಪ್ಯಾಕೇಜ್ ಜೊತೆ ಕೊಟ್ಟ ಕಾಯಿನ್ನು ಅಲ್ಲೇ ಆಡಿ ಮುಗಿಸಬೇಕು, ದುಡ್ಡಾಗಿ ವಾಪಸ್ ಕೊಡಲ್ಲ. ಅದು ಮುಗಿದ ಮೇಲೆ ಕೈ ಪರ್ಸಿಗೆ ಹೋಗುತ್ತೆ.

ಊಟ ಚೆನ್ನಾಗಿತ್ತು. ಆ ಒಂದು ಮಾತು ಹೇಳದೇ ಇದ್ರೆ ಪಾಪ ಬರುತ್ತೆ.

ಹೇಮಾವತಿ_ದಡ

ಅಕ್ಕ, ಇಷ್ಟು ವಿವರ ಯಾವ ವಿಡಿಯೋದಲ್ಲೂ ಸಿಗಲಿಲ್ಲ. ಕೈಗೂಸಿಗೆ ಆ ಎಸಿ ಆಗಲ್ಲ ಬಿಡಿ.

ಮೂಡಿಗೆರೆ_ಮಳೆ

ಕಟ್ಟೆ_ಮಾತು ಅವರೇ, ಎಂತ ಮಾರಾಯ್ರೆ, ಅಷ್ಟು ದೂರ ಧರ್ಮರಾಯನ ಹತ್ರ ಯಾಕೆ ಹೋಗ್ಬೇಕು? ದೀಪಾವಳಿ ರಾತ್ರಿ ನಮ್ಮ ಕಡೆ ಯಾವ ಮನೇಲಿ ಇಸ್ಪೀಟ್ ಬೀಳಲ್ಲ ಹೇಳಿ. ಚಾಪೆ ಹಾಸಿ ಅಜ್ಜ, ದೊಡ್ಡಪ್ಪ, ಚಿಕ್ಕಪ್ಪ ಎಲ್ಲ ಕೂತಿರ್ತಾರೆ, ಚಿಲ್ಲರೆ ಎಣಿಸಿ ಕೊಡೋ ಕೆಲಸ ಮಕ್ಕಳದ್ದೇ. ನಾನು ಎಣಿಸೋದು ಕಲ್ತಿದ್ದೇ ಹಾಗೆ. ಪ್ಲಾಂಟರ್ಸ್ ಕ್ಲಬ್ಬಲ್ಲಿ ಸಂಜೆ ಆದ್ರೆ ಕಾರ್ಡ್ ರೂಮು ತುಂಬಿರುತ್ತೆ. ಮಕ್ಕಳಿಗೆ ಆ ಬಾಗಿಲು ದಾಟೋ ಹಾಗಿಲ್ಲ, ಹೊರಗೆ ಹುಲ್ಲಿನ ಮೇಲೆ ಆಡ್ಕೊಂಡು ಚಿಪ್ಸ್ ತಿಂದು ಬೆಳೆದವರು ನಾವೆಲ್ಲ. ಹಾಳಾಗಿ ಹೋದ್ವಾ?

ನನಗೆ ಹೆದರಿಕೆ ಇರೋದು ಹಡಗಿನದ್ದಲ್ಲ, ಫೋನಿನದ್ದು. ಐಪಿಎಲ್ ಬಂದ್ರೆ ನಮ್ಮ ತೋಟದ ಲೈನ್ ಮನೆಗಳ ಹುಡುಗರು ವಾರದ ಬಟವಾಡೆ ಪೂರ್ತಿ ಬೆಟ್ಟಿಂಗಿಗೆ ಹಾಕ್ತಾರೆ. ಅಲ್ಲಿ ಯಾರೂ ಆಧಾರ್ ಕೇಳಲ್ಲ.

ಕಟ್ಟೆ_ಮಾತು

ಚಿಲ್ಲರೆ ಕಾಸಿನ ಆಟಕ್ಕೂ ಹಡಗಿಗೂ ಸಮ ಮಾಡ್ಬೇಡಿ ಅಕ್ಕ. ಚಾಪೆ ಮೇಲೆ ಸೋತ ದುಡ್ಡು ಚಿಕ್ಕಪ್ಪನ ಜೇಬಲ್ಲೇ ಇರ್ತದೆ. ಅಲ್ಲಿ ಸೋತಿದ್ದು ಯಾರ ಜೇಬಿಗೆ ಹೋಯ್ತು?

ಮೂಡಿಗೆರೆ_ಮಳೆ

ಈ ಮಾತು ಮಾತ್ರ ಸರಿ ಇದೆ.

ಕರಿಕೋಟು

ಕಾನೂನು ಯಾರೂ ಬಿಡಿಸಿ ಹೇಳಿಲ್ಲ, ಹೇಳಿಬಿಡ್ತೀನಿ. ಕರ್ನಾಟಕದಲ್ಲಿ ಕ್ಯಾಸಿನೋ ಇಲ್ಲ. 1963ರ ಕರ್ನಾಟಕ ಪೊಲೀಸ್ ಕಾಯ್ದೆ ಜೂಜಾಟ ನಡೆಸೋದನ್ನೂ ಆಡೋದನ್ನೂ ಅಪರಾಧ ಅಂತ ಹೇಳುತ್ತೆ. ತೋಟದ ಶೆಡ್ಡಲ್ಲಿ ಅಂದರ್ ಬಾಹರ್ ಆಡ್ತಿದ್ರೆ ಪಣಕ್ಕಿಟ್ಟ ದುಡ್ಡು ಸಮೇತ ಎತ್ತಾಕೊಂಡು ಹೋಗ್ತಾರೆ, ಮರುದಿನ ಪೇಪರಲ್ಲಿ ಬರುತ್ತೆ. ರಮ್ಮಿ ಬೇರೆ. ಅದರಲ್ಲಿ ಕೌಶಲದ ಪಾಲೇ ಹೆಚ್ಚು ಅಂತ ಸುಪ್ರೀಂ ಕೋರ್ಟ್ 1968ರಲ್ಲೇ ಹೇಳಿದೆ. ಕ್ಲಬ್ಬುಗಳ ಕಾರ್ಡ್ ರೂಮು ನಿಂತಿರೋದು ಆ ಆಧಾರದ ಮೇಲೆ. ಫೋನಿನ ವಿಷಯಕ್ಕೆ ಬಂದ್ರೆ, ದುಡ್ಡು ಕಟ್ಟಿ ಆಡೋ ಆನ್‌ಲೈನ್ ಆಟಗಳನ್ನ ನಿಷೇಧಿಸಿ 2025ರ ಆಗಸ್ಟಲ್ಲಿ ಸಂಸತ್ತು ಕಾನೂನು ಮಾಡಿದೆ. ಐಪಿಎಲ್ ಬೆಟ್ಟಿಂಗ್ ಮೊದಲಿಂದಲೂ ಅಪರಾಧವೇ.

ಇನ್ನು ಗೋವಾ. ಅಲ್ಲೂ 1976ರ ಜೂಜು ಕಾಯ್ದೆ ಇದೆ. 1992ರಲ್ಲಿ ತಿದ್ದುಪಡಿ ತಂದು ಪಂಚತಾರಾ ಹೋಟೆಲುಗಳಲ್ಲಿ ಯಂತ್ರದಾಟಕ್ಕೆ ಅವಕಾಶ ಕೊಟ್ರು, 1996ರಲ್ಲಿ ಹಡಗುಗಳ ಮೇಲೆ ಇಸ್ಪೀಟ್ ಥರದ ಟೇಬಲ್ ಆಟಕ್ಕೂ ಕೊಟ್ರು. ನಿಮ್ಮ ಮಗ "ಇವೆಲ್ಲ ಯಾಕಪ್ಪ ನೀರಿನ ಮೇಲಿವೆ" ಅಂತ ಕೇಳಿದ್ರೆ ಇದೇ ಉತ್ತರ.

ನನಗೆ ಇದರಲ್ಲಿ ದೊಡ್ಡದಾಗಿ ಕಾಣೋದು ಬೇರೆ. 2020ರ ಫೆಬ್ರವರಿಯಿಂದ ಗೋವಾದವರೇ ಆ ಕ್ಯಾಸಿನೋಗಳಿಗೆ ಆಡೋಕೆ ಹೋಗೋ ಹಾಗಿಲ್ಲ, ಅಲ್ಲಿನ ಸರ್ಕಾರವೇ ತಡೆದಿದೆ. ಅಂದ್ರೆ ತಮ್ಮ ಮನೆಯವರಿಗೆ ಬೇಡ, ಹಾಸನದವರು ಬಂದು ಕಳ್ಕೊಂಡ್ರೆ ತೊಂದರೆ ಇಲ್ಲ. ನೇಪಾಳದಲ್ಲೂ ಹಾಗೇ, ಅವರ ಪ್ರಜೆಗಳಿಗೆ ಒಳಗೆ ಜಾಗ ಇಲ್ಲ.

ತೆರಿಗೆ ಬಗ್ಗೆ ಬಾಮೈದನಿಗೆ ಒಂದು ಮಾತು ಹೇಳಿ. 2025ರ ಸೆಪ್ಟೆಂಬರ್ 22ರಿಂದ ಕ್ಯಾಸಿನೋ ಮೇಲೆ ಜಿಎಸ್‌ಟಿ 40%. ಗೆದ್ರೆ ಗೆದ್ದದ್ದಕ್ಕೆ 30% ಆದಾಯ ತೆರಿಗೆ, ಮೇಲೆ ಸೆಸ್ಸು. ಸೋತದ್ದನ್ನ ಅದರಲ್ಲಿ ಕಳೆಯೋ ಹಾಗಿಲ್ಲ. ಕಾಫಿ ಆದಾಯದ ಲೆಕ್ಕ ಬೇರೆ, ಇದರ ಲೆಕ್ಕ ಬೇರೆ.

ಬಸ್‌ಸ್ಟ್ಯಾಂಡ್_ಬೋಂಡ

ಹಾಸನ ಬಸ್‌ಸ್ಟ್ಯಾಂಡಲ್ಲಿ ಲಾಟರಿ ಅಂಗಡಿಗಳ ಸಾಲೇ ಇತ್ತು, ನೆನಪಿದೆಯಾ ಯಾರಿಗಾದ್ರೂ? ಹಗ್ಗಕ್ಕೆ ಟಿಕೆಟ್ ನೇತುಹಾಕಿ ಮೈಕಲ್ಲಿ ಕೂಗ್ತಿದ್ರು. ಸ್ಕೂಲ್ ಯೂನಿಫಾರ್ಮಲ್ಲಿ ಹೋದ್ರೂ ಕೊಡ್ತಿದ್ರು, ವಯಸ್ಸು ಕೇಳೋರು ಯಾರು. 2007ರಲ್ಲಿ ನಮ್ಮ ಜಿಲ್ಲೆಯವರೇ ಆದ ಕುಮಾರಸ್ವಾಮಿ ಮುಖ್ಯಮಂತ್ರಿ ಆಗಿದ್ದಾಗ ಬಂದ್ ಆಯ್ತು. ಆ ಒಂದು ಕೆಲಸಕ್ಕೆ ನಮ್ಮಮ್ಮ ಇವತ್ತಿಗೂ ಅವರನ್ನ ಹೊಗಳ್ತಾರೆ, ವೋಟು ಯಾರಿಗೆ ಹಾಕ್ತಾರೋ ಅದು ಬೇರೆ ವಿಷಯ.

ನಿರ್ವಾಹಕರು

ರಾಜಕೀಯ ಇಲ್ಲಿಗೇ ನಿಲ್ಲಲಿ. ಟ್ರಿಪ್ ವಿಷಯ ಮಾತಾಡಿ.

ನಿವೃತ್ತ_ಮೇಷ್ಟ್ರು, ಬೇಲೂರು

ನನ್ನದು ಗೋವಾ ಅನುಭವವಲ್ಲ. ಮಗಳು ಅಮೆರಿಕದ ಅರಿಜೋನಾದಲ್ಲಿದ್ದಾಳೆ. ಗ್ರ್ಯಾಂಡ್ ಕ್ಯಾನ್ಯನ್ ತೋರಿಸಿ, ಅಲ್ಲಿಂದ ಲಾಸ್ ವೇಗಸ್‌ಗೆ ಕರೆದೊಯ್ದರು. ಮೊಮ್ಮಗ ಆಗ ಮೂರನೇ ತರಗತಿ.

ಅಲ್ಲಿನ ದೊಡ್ಡ ಹೋಟೆಲುಗಳ ಕಟ್ಟಡವನ್ನೇ ಹಾಗೆ ಕಟ್ಟಿದ್ದಾರೆ. ಕೋಣೆಗೆ ಹೋಗಬೇಕಾದರೂ, ತಿಂಡಿಗೆ ಹೋಗಬೇಕಾದರೂ ಜೂಜಿನ ಅಂಗಳದ ನಡುವೆಯೇ ನಡೆಯಬೇಕು. ಮಕ್ಕಳು ದೊಡ್ಡವರ ಕೈ ಹಿಡಿದು ದಾಟಿ ಹೋಗಬಹುದು, ಆದರೆ ನಿಲ್ಲುವಂತಿಲ್ಲ. ಲಾಸ್ ವೇಗಸ್ ಇರುವ ನೆವಾಡಾ ರಾಜ್ಯದ ಕಾನೂನಿನ ಪ್ರಕಾರ 21ರ ಕೆಳಗಿನವರು ಆಡುವುದಷ್ಟೇ ಅಲ್ಲ, ಆಟದ ಜಾಗದಲ್ಲಿ ಸುಳಿದಾಡುವುದೂ ತಪ್ಪು. ನಮ್ಮ ಹುಡುಗ ಒಂದು ಯಂತ್ರದ ಮುಂದೆ ಬಾಯಿ ಬಿಟ್ಟುಕೊಂಡು ನಿಂತ. ಡ್ರ್ಯಾಗನ್ನು ಬೆಂಕಿ ಉಗುಳುತ್ತಿತ್ತು, ಬಣ್ಣಬಣ್ಣದ ದೀಪ, ನಾಣ್ಯ ಸುರಿಯುವ ಸದ್ದು. ಮಕ್ಕಳ ಆಟಿಕೆಗೂ ಅದಕ್ಕೂ ನನಗಂತೂ ವ್ಯತ್ಯಾಸ ಕಾಣಲಿಲ್ಲ. ಕೂಡಲೇ ಒಬ್ಬ ಕಾವಲಿನವನು ಬಂದು "ದಯವಿಟ್ಟು ಮುಂದೆ ನಡೆಯಿರಿ" ಎಂದ. ಬಹಳ ಮರ್ಯಾದೆಯಿಂದ ಹೇಳಿದ, ಆದರೆ ನಾವು ಕದಲುವ ತನಕ ಅವನೂ ಕದಲಲಿಲ್ಲ.

ಸಿಗರೇಟಿನ ಹೊಗೆ ಇನ್ನೊಂದು ಕಾಟ. ಅಲ್ಲಿ ಹೆಚ್ಚಿನ ಕ್ಯಾಸಿನೋಗಳಲ್ಲಿ ಸೇದಲು ಬಿಡುತ್ತಾರೆ. ಮಕ್ಕಳಿಗೆ ಉಬ್ಬಸ ಇದ್ದವರು ಇದನ್ನು ಮೊದಲೇ ವಿಚಾರಿಸಿಕೊಳ್ಳಿ. ಪಾರ್ಕ್ ಎಂಜಿಎಂ ಎಂಬ ಒಂದು ಹೋಟೆಲು ಪೂರ್ತಿ ಹೊಗೆರಹಿತ. ಮಕ್ಕಳಿಗೆ ನೋಡುವುದಕ್ಕೆ ಏನೂ ಕೊರತೆಯಿಲ್ಲ ಎನ್ನಿ. ಬೆಲಾಜಿಯೋ ಹೋಟೆಲಿನ ಕಾರಂಜಿ ರಸ್ತೆಯಲ್ಲೇ ನಿಂತು ಪುಕ್ಕಟೆ ನೋಡಬಹುದು. ಸರ್ಕಸ್ ಸರ್ಕಸ್ ಎಂಬಲ್ಲಿ ನಿಜವಾದ ಸರ್ಕಸ್ ನಡೆಯುತ್ತದೆ.

ಅಳಿಯ ಹೇಳಿದ ಒಂದು ಪ್ರಸಂಗ ಹೇಳಿಬಿಡುತ್ತೇನೆ, ಇದು ಕೋರ್ಟಿಗೂ ಹೋದ ಪ್ರಕರಣ. 1987ರಲ್ಲಿ ಅಲ್ಲಿನ ಸೀಸರ್ಸ್ ಪ್ಯಾಲೆಸ್ ಕ್ಯಾಸಿನೋದಲ್ಲಿ 19 ವರ್ಷದ ಹುಡುಗನೊಬ್ಬ ಯಂತ್ರದಲ್ಲಿ ಹತ್ತು ಲಕ್ಷ ಡಾಲರಿಗೂ ಹೆಚ್ಚು ಗೆದ್ದ. ವಯಸ್ಸು ಗೊತ್ತಾದ ಮೇಲೆ ಒಂದು ಕಾಸೂ ಕೊಡಲಿಲ್ಲ, ನ್ಯಾಯಾಲಯವೂ ಅವನ ಕಡೆ ನಿಲ್ಲಲಿಲ್ಲ. ಸೋತಿದ್ದರೆ ವಯಸ್ಸು ಯಾರು ಕೇಳುತ್ತಿದ್ದರೋ!

ಬಸ್‌ಸ್ಟ್ಯಾಂಡ್_ಬೋಂಡ

ಮೇಷ್ಟ್ರೇ ನೀವು ಆಡಿದ್ರಾ ಇಲ್ವಾ, ಅದು ಹೇಳಿ ಮೊದಲು 😄

ನಿವೃತ್ತ_ಮೇಷ್ಟ್ರು, ಬೇಲೂರು

ನಮ್ಮ ಮನೆಯವರು ಇಪ್ಪತ್ತು ಡಾಲರ್ ಹಾಕಿದರು. ಗೆದ್ದರು. ಅದರ ಮೇಲೆ ನಾನೇನೂ ಹೇಳುವುದಿಲ್ಲ.

ಡಾಕ್ಟ್ರಮ್ಮ

ಮಕ್ಕಳನ್ನ ಗೇಮ್ ರೂಮಲ್ಲಿ ಬಿಟ್ಟು ಅಪ್ಪ-ಅಮ್ಮ ಇಬ್ಬರೂ ಒಳಗೆ ಹೋಗೋ ಯೋಚನೆ ಯಾರಿಗಾದ್ರೂ ಇದ್ರೆ ಕೈಬಿಡಿ. ಅದೇ ನೆವಾಡಾದಲ್ಲಿ, ಪ್ರಿಮ್ ಅನ್ನೋ ಊರಲ್ಲಿ, 1997ರಲ್ಲಿ ಅಪ್ಪ ಬೆಳಗಿನ ಜಾವದ ತನಕ ಆಡ್ತಾ ಇದ್ದಾಗ ವಿಡಿಯೋ ಗೇಮ್ ಹಾಲಲ್ಲಿದ್ದ ಏಳು ವರ್ಷದ ಹೆಣ್ಣುಮಗು ಕ್ಯಾಸಿನೋದ ಶೌಚಾಲಯದಲ್ಲೇ ಕೊಲೆಯಾಯ್ತು. ಇಷ್ಟು ಬರೆಯೋಕೇ ಕೈ ಬರ್ತಿಲ್ಲ. ಹಡಗಿನ ಮಕ್ಕಳ ರೂಮಲ್ಲಿ ಒಬ್ಬಳೇ ಹುಡುಗಿ ಅಂದ್ರಲ್ಲ ಕಾಫಿ_ಹೂವು, ಅವಳ ಕಣ್ಣು ತಪ್ಪಿಸಿ ಮಗು ಹೊರಗೆ ಬಂದ್ರೆ ಸುತ್ತ ನೀರು.

ಪಿಯುಸಿ ಹುಡುಗನ ವಿಷಯ ಇನ್ನೊಂಥರ. ಎಂಟು ವರ್ಷದವಳಿಗೆ ಚೆಂಡಿನ ತೊಟ್ಟಿ ಸಾಕು. ಹದಿನೇಳರವನು ಎಲ್ಲಿ ಕೂರ್ತಾನೆ? ಮಕ್ಕಳ ರೂಮಲ್ಲಿ ಕೂರಲ್ಲ, ಆಟದ ಹಾಲಿಗೆ ಬಿಡಲ್ಲ. ಊಟದ ಹಾಲಲ್ಲಿ ಒಬ್ಬನೇ ಕೂತು ಒಳಗೆ ಅಪ್ಪ, ಮಾವ ಏನ್ ಮಾಡ್ತಿದ್ದಾರೆ ಅಂತ ಊಹಿಸ್ತಾ ಇರ್ತಾನೆ. ಬಾಗಿಲು ಮುಚ್ಚಿದಷ್ಟೂ ಒಳಗಿನದ್ದು ದೊಡ್ಡದಾಗಿ ಕಾಣೋ ವಯಸ್ಸು ಅದು. ಕರ್ಕೊಂಡು ಹೋಗಲೇಬೇಕು ಅಂದ್ರೆ ಅವನಿಗೆ ಮೊದಲೇ ಲೆಕ್ಕ ಬಿಡಿಸಿ ಹೇಳಿ. ರೂಲೆಟ್ ಅಂದ್ರೆ ಚಕ್ರ ತಿರುಗಿಸಿ ಚೆಂಡು ಯಾವ ಮನೆಗೆ ಬೀಳುತ್ತೆ ಅಂತ ಪಣ ಕಟ್ಟೋ ಆಟ. ಆ ಚಕ್ರದಲ್ಲಿ 1ರಿಂದ 36 ಮತ್ತು ಒಂದು ಸೊನ್ನೆ, ಒಟ್ಟು 37 ಮನೆ. ಪಣ ಕಟ್ಟಿದ ಮನೆಯೇ ಬಿದ್ರೆ ಕಟ್ಟಿದ್ದು ವಾಪಸ್, ಅದರ ಮೇಲೆ ಕೊಡೋದು 35 ಪಟ್ಟು. ಉಳಿದ ವ್ಯತ್ಯಾಸ ಎಲ್ಲಿಗೆ ಹೋಯ್ತು ಅಂತ ಅವನೇ ಲೆಕ್ಕ ಹಾಕಲಿ. ಸೈನ್ಸ್ ಹುಡುಗ ಆದ್ರೆ ಪ್ರಾಬಬಿಲಿಟಿ ಪಾಠ ಹೇಗೂ ಇದೆಯಲ್ಲ.

ಹೇಮಾವತಿ_ದಡ

ಕಾಮರ್ಸ್ ಮೇಡಂ. ಆದ್ರೂ ಲೆಕ್ಕ ಹಾಕಿಸಿದೆ. ಎರಡು ನಿಮಿಷದಲ್ಲಿ "ನೂರು ರೂಪಾಯಿಗೆ ಸರಾಸರಿ ಎರಡು ರೂಪಾಯಿ ಎಪ್ಪತ್ತು ಪೈಸೆ ಅವರಿಗೇ ಉಳಿಯುತ್ತೆ, ಪ್ರತಿ ಸುತ್ತಿಗೂ" ಅಂದ. ಆಮೇಲೆ ಕೇಳಿದ, "ಹಾಗಾದ್ರೆ ನಾವೇ ಒಂದು ಹಡಗು ಇಡಬಹುದಲ್ವಾಪ್ಪ?"

ಕಟ್ಟೆ_ಮಾತು

ಹುಡ್ಗ ಬುದ್ಧಿವಂತ. ಹೇಮಾವತಿ ಡ್ಯಾಮಲ್ಲಿ ಇಡ್ಲಿ ಬಿಡಿ.

ಕೊಪ್ಪ_ಕಡೆಯವ

ಗೋವಾನೇ ಬೇಡ, ಮಲೇಷ್ಯಾ ಗೆಂಟಿಂಗ್ ಹೈಲ್ಯಾಂಡ್ಸ್ ನೋಡಿ. ಸುಮಾರು ನಮ್ಮ ಮುಳ್ಳಯ್ಯನಗಿರಿ ಎತ್ತರಕ್ಕೇ ಬರೋ ಬೆಟ್ಟ, ಅದೇ ಥರ ಮಂಜು, ಅದೇ ಥರ ಟ್ರಾಫಿಕ್ ಜಾಮು. ಕೇಬಲ್ ಕಾರಲ್ಲಿ ಹೋಗ್ತಾ ಮಧ್ಯದಲ್ಲಿ ಇಳಿದು ಚಿನ್ ಸ್ವೀ ದೇವಸ್ಥಾನ ನೋಡಬಹುದು. ಮೇಲೆ ಮಕ್ಕಳಿಗೆ ಥೀಮ್ ಪಾರ್ಕ್ ಇದೆ. ಕ್ಯಾಸಿನೋನೂ ಅಲ್ಲೇ, ಆದ್ರೆ ಬಾಗಿಲು ಬೇರೆ, ವಯಸ್ಸು 21, ಅಲ್ಲಿನ ಮುಸ್ಲಿಮರಿಗೆ ಪ್ರವೇಶ ಇಲ್ಲ. ನಾವು ಕ್ಯಾಸಿನೋ ಇರೋ ಜಾಗಕ್ಕೆ ಹೋಗಿ ಕ್ಯಾಸಿನೋ ನೋಡದೇ ಬಂದ್ವಿ. ಗಲಾಟೆನೇ ಆಗ್ಲಿಲ್ಲ.

ಸಿಂಗಪುರದಲ್ಲಿ ಇನ್ನೂ ಬಿಗಿ. ಅಲ್ಲಿನ ಪ್ರಜೆಗಳು ಒಳಗೆ ಕಾಲಿಡಬೇಕಾದ್ರೆ ಒಂದು ದಿನಕ್ಕೆ 150 ಸಿಂಗಪುರ ಡಾಲರ್ ಕಟ್ಟಬೇಕು, ನಮ್ಮಂಥ ವಿದೇಶಿಯರಿಗೆ ಪಾಸ್‌ಪೋರ್ಟ್ ತೋರಿಸಿದ್ರೆ ಪುಕ್ಕಟೆ. ಗಂಡ ಜೂಜಿಗೆ ಬಿದ್ದಿದ್ದಾನೆ ಅಂತ ಹೆಂಡತಿ ಅರ್ಜಿ ಕೊಟ್ರೆ, ವಿಚಾರಣೆ ಮಾಡಿ ಅವನಿಗೆ ಬಾಗಿಲು ಮುಚ್ಚೋ ವ್ಯವಸ್ಥೆನೂ ಇದೆ.

ಕಾಫಿ_ಹೂವು, ಚಿಕ್ಕಮಗಳೂರು

ಆ ಅರ್ಜಿ ಫಾರಂ ಕನ್ನಡದಲ್ಲಿ ಸಿಗುತ್ತಾ?

ಮೂಡಿಗೆರೆ_ಮಳೆ

ನನಗೂ ಒಂದು ತಂದುಕೊಡಿ ಮಾರಾಯ್ರೆ.

ಹೇಮಾವತಿ_ದಡ

ನಿನ್ನೆ ರಾತ್ರಿ ಊಟ ಆದ ಮೇಲೆ ಇಲ್ಲಿರೋದನ್ನೆಲ್ಲ ಮನೆಯವಳಿಗೆ ಓದಿ ಹೇಳಿದೆ. ಕಾಫಿ_ಹೂವು ಅಕ್ಕ ಬರೆದದ್ದನ್ನ ಎರಡನೇ ಸಲ ಓದಿಸಿದ್ಲು. ಆಮೇಲೆ ತಮ್ಮನಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿ ಹೇಳಿದ್ಲು: "ನೋಡೋ, ಹಡಗಿಗೆ ಹೋಗೋಣ, ನನ್ನದೇನೂ ಅಡ್ಡಿ ಇಲ್ಲ. ನಾನೂ ನಿನ್ನ ಹೆಂಡತಿನೂ ಒಳಗೆ ಹೋಗ್ತೀವಿ. ನೀನೂ ನಿಮ್ಮ ಭಾವನೂ ರೂಮಲ್ಲಿ ಮಕ್ಕಳನ್ನ ನೋಡ್ಕೊಳ್ಳಿ. ಕೂಸಿಗೆ ಬಾಟಲಿ ಹಾಲು ರೂಢಿ ಮಾಡಿಸಿ ಇಟ್ಟಿರ್ತೀವಿ."

ಆ ಕಡೆಯಿಂದ ಒಂದು ಕ್ಷಣ ಮಾತೇ ಇಲ್ಲ. ಆಮೇಲೆ ಬಾಮೈದ, "ಅಕ್ಕಾ, ಅಷ್ಟು ದುಡ್ಡು ದಂಡ ಯಾಕೆ, ಬಿಡು" ಅಂದ. ವಾರದಿಂದ ಅಮ್ಮ ಹೇಳಿದ್ರೂ ಬರದ ಬುದ್ಧಿ!

ಆದ್ರೆ ಈಗ ಅವನ ಹೆಂಡತಿ ಬಿಡ್ತಿಲ್ಲ, "ಅತ್ತಿಗೆ, ನಾವಿಬ್ಬರೇ ಹೋಗಿ ಬರೋಣ" ಅಂತಿದ್ದಾಳಂತೆ. ಇದಕ್ಕೇನ್ ಹೇಳ್ತೀರಿ?

ಕಾಫಿ_ಹೂವು, ಚಿಕ್ಕಮಗಳೂರು

ಹೋಗಲಿ! ತಿಂದು, ಹಾಡು ಕೇಳಿ, ಕೊಟ್ಟ ಕಾಯಿನ್ ಮುಗಿದ ಕೂಡಲೇ ದೋಣಿ ಹತ್ತಲಿ. ಕಾರ್ಡು, ಫೋನ್ ಪೇ ಎರಡೂ ನಿಮ್ಮ ಹತ್ರ ಬಿಟ್ಟು ಹೋಗೋಕೆ ಹೇಳಿ. ಒಳಗೆ ಫೋಟೋ ತೆಗೆಯೋಕೆ ಬಿಡಲ್ಲ, ಅದನ್ನೂ ಹೇಳಿ, ಇಲ್ಲಾಂದ್ರೆ ಬೇಜಾರಾಗುತ್ತೆ.

ಡಾಕ್ಟ್ರಮ್ಮ

ಆ ಸಂಜೆ ನೀವು ಗಂಡಸರು ಮಕ್ಕಳನ್ನ ಕರ್ಕೊಂಡು ಸಾಂತಾ ಮೋನಿಕಾ ಜೆಟ್ಟಿಯಿಂದ ಹೊರಡೋ ನದಿ ವಿಹಾರದ ಬೋಟ್ ಹತ್ತಿ. ಮಾಂಡೋವಿಯಲ್ಲಿ ಒಂದು ಸುತ್ತು ಹಾಕಿಸ್ತಾರೆ, ಕೊಂಕಣಿ ಕುಣಿತ ಇರುತ್ತೆ, ಕ್ಯಾಸಿನೋ ಹಡಗುಗಳ ದೀಪ ಹೊರಗಿಂದ ಕಾಣುತ್ತೆ. ಮಗಳಿಗೆ ಬೇಕಾಗಿರೋದು ಅಷ್ಟೇ, ಮತ್ತೆ ಈ ಬೋಟ್ ನಿಜವಾಗ್ಲೂ ಹೋಗುತ್ತೆ. ಹಗಲಿಗೆ ಮೀರಾಮಾರ್‌ನ ವಿಜ್ಞಾನ ಕೇಂದ್ರ ಇದೆ. ಮಗನಿಗೆ ವಾಸ್ಕೋ ಹತ್ರ ನೌಕಾಪಡೆಯ ವಿಮಾನ ಮ್ಯೂಸಿಯಂ, ಹಳೇ ವಿಮಾನಗಳನ್ನ ಬಯಲಲ್ಲೇ ನಿಲ್ಲಿಸಿದ್ದಾರೆ. ಇನ್ನೊಂದು ಬೆಳಗ್ಗೆ ರಿಬಂದರಿಂದ ಫೆರಿ ಹತ್ತಿ ಚೊರಾವ್ ದ್ವೀಪಕ್ಕೆ ಹೋಗಿ, ಸಲೀಂ ಅಲಿ ಪಕ್ಷಿಧಾಮ, ಕಾಂಡ್ಲಾ (ಮ್ಯಾಂಗ್ರೋವ್) ಕಾಡು.

ಅಮ್ಮನವರನ್ನ ಪೋಂಡಾ ಕಡೆ ಮಂಗೇಶಿ, ಶಾಂತಾದುರ್ಗಾ ದೇವಸ್ಥಾನಕ್ಕೆ ಮೊದಲ ದಿನವೇ ಕರ್ಕೊಂಡು ಹೋಗಿಬಿಡಿ. ಊದಿದ ಮುಖ ಅಲ್ಲೇ ಇಳಿಯುತ್ತೆ.

ಅರಸೀಕೆರೆ_ಜಂಕ್ಷನ್

ಎಲ್ಲ ಸರಿ, ಟಿಕೆಟ್ ಮಾಡಿಸಿದ್ರಾ? ಯಶವಂತಪುರ–ವಾಸ್ಕೋ ರೈಲು ನಮ್ಮಲ್ಲಿ ನಿಲ್ಲುತ್ತೆ. ಸಂಜೆ ಹತ್ತಿ ಮಲಗಿದ್ರೆ ಏಳೋ ಹೊತ್ತಿಗೆ ಗೋವಾ, ದೂಧ್‌ಸಾಗರ್ ಮಾತ್ರ ಕತ್ತಲಲ್ಲೇ ದಾಟಿಹೋಗುತ್ತೆ. ಹಾಸನದಲ್ಲೇ ಹತ್ತಬೇಕು ಅಂದ್ರೆ ಪಂಚಗಂಗಾ ಇದೆ, ಆದ್ರೆ ಕಾರವಾರಕ್ಕೇ ಕೊನೆ, ಅಲ್ಲಿಂದ ಬಸ್ಸು. ಬುಕಿಂಗ್ ಈಗ 60 ದಿನ ಮೊದಲು ಓಪನ್ ಆಗುತ್ತೆ, ದಸರಾ ರಜೆದು ಬೆಳಗ್ಗೆ ಎಂಟಕ್ಕೇ ಕೂತು ಮಾಡಿ. ಮಗಳಿಗೆ ಬರ್ತ್ ಬೇಕಂದ್ರೆ ಫುಲ್ ಟಿಕೆಟ್.

ಹೇಮಾವತಿ_ದಡ

ಆಯ್ತಣ್ಣ. ವಾಸ್ಕೋ ರೈಲೇ ಮಾಡ್ತೀನಿ. ಅಮ್ಮನಿಗೆ ಕೆಳಗಿನ ಬರ್ತ್ ಸಿಗೋಕೆ ಸೀನಿಯರ್ ಸಿಟಿಜನ್ ಕೋಟಾದಲ್ಲಿ ಬೇರೆ ಪಿಎನ್‌ಆರ್ ಮಾಡಿಸಬೇಕಾ, ಎಲ್ಲರ ಜೊತೆಗೇ ಮಾಡಿದ್ರೆ ನಡೆಯುತ್ತಾ?

ಅರಸೀಕೆರೆ_ಜಂಕ್ಷನ್

ಬೇರೆ ಮಾಡಿಸಿ. ಎಲ್ಲರ ಜೊತೆ ಹಾಕಿದ್ರೆ ಆ ಕೋಟಾ ತಗೊಳ್ಳಲ್ಲ.